ವಿಕಿರಣಕ್ಕೆ ಲೆಕ್ಕ ಬರೆದ ವಿಜ್ಞಾನಿ

ಕ್ಯಾನ್ಸರ್ ಆಸ್ಪತ್ರೆಯ ಕಡತಗಳಲ್ಲಿ ಒಂದು ಪುಟ್ಟ ಪದ ಮತ್ತೆ ಮತ್ತೆ ಬರುತ್ತದೆ: ಗ್ರೇ. ‘50 ಗ್ರೇ, 25 ಸಲ’ ಎಂದೋ, ‘60 ಗ್ರೇ, 30 ಸಲ’ ಎಂದೋ ವೈದ್ಯರು ಬರೆದಿರುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಾಗಲಿ, ಮುಂಬೈಯ ಟಾಟಾ ಆಸ್ಪತ್ರೆಯಾಗಲಿ, ಲಂಡನ್ನಿನ ಆಸ್ಪತ್ರೆಯಾಗಲಿ, ಎಲ್ಲ ಕಡೆಯೂ ಅದೇ ಪದ, ಅದೇ ಅಳತೆ.

ಗ್ರೇ ಎಂದರೇನು ಎಂದು ಕೇಳಿದರೆ, ಶಾಲೆಗೆ ಹೋಗುವ ಮಕ್ಕಳು ‘ಬೂದು ಬಣ್ಣ’ ಎಂದು ಥಟ್ಟನೆ ಹೇಳಿಯಾರು. ಇಲ್ಲಿ ಅದು ಬಣ್ಣವಲ್ಲ, ಒಬ್ಬ ಮನುಷ್ಯನ ಹೆಸರು. ಹಾಲನ್ನು ಲೀಟರಿನಲ್ಲಿ, ಅಕ್ಕಿಯನ್ನು ಕಿಲೋದಲ್ಲಿ ಅಳೆಯುವ ಹಾಗೆ ದೇಹ ಹೀರಿಕೊಂಡ ವಿಕಿರಣವನ್ನು ಇವತ್ತು ಇಡೀ ಜಗತ್ತು ಅಳೆಯುವುದು ಲೂಯಿ ಹೆರಾಲ್ಡ್ ಗ್ರೇ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನಲ್ಲಿ.

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಜನ ಇಟ್ಟ ಹೆಸರೇ ಬೇರೆ. ‘ಅವರಿಗೆ ಕರೆಂಟ್ ಕೊಡ್ತಿದ್ದಾರಂತೆ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಗಾಬರಿ. ಮೈಗೆ ಶಾಕ್ ಹೊಡೆಸುತ್ತಾರೇನೋ ಎಂದು ಮಕ್ಕಳಿಗೆ ಭಯ. ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬಾರದೇನೋ ಎಂದು ಅಜ್ಜಿಗೆ ಸಂಕಟ. ಗ್ರೇ ಅವರ ಬದುಕಿನ ಕತೆ ತಿಳಿದರೆ ಈ ಭಯದಲ್ಲಿ ಅರ್ಧದಷ್ಟಾದರೂ ಕರಗುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ನೀಲಿ ಕೋಟಿನ ಹುಡುಗ

ಗ್ರೇ ಹುಟ್ಟಿದ್ದು 1905ರ ನವೆಂಬರ್ 10ರಂದು. ಸಾಧಾರಣ ಕುಟುಂಬ. ಹುಡುಗ ಓದಿನಲ್ಲಿ ಚುರುಕಾಗಿದ್ದುದರಿಂದ ವಿದ್ಯಾರ್ಥಿವೇತನ ಸಿಕ್ಕಿ ‘ಕ್ರೈಸ್ಟ್ಸ್ ಹಾಸ್ಪಿಟಲ್’ ಸೇರಿದ. ಹೆಸರು ಕೇಳಿ ಆಸ್ಪತ್ರೆ ಎಂದುಕೊಳ್ಳಬೇಡಿ, ಅದೊಂದು ವಸತಿ ಶಾಲೆ! ಬಡ ಮಕ್ಕಳ ಓದಿಗೆಂದು 1552ರಲ್ಲಿ ಸ್ಥಾಪನೆಯಾದದ್ದು. ಕಾಲಿನವರೆಗೆ ಇಳಿಯುವ ಕಡುನೀಲಿ ಕೋಟು, ಹಳದಿ ಕಾಲುಚೀಲ ಅಲ್ಲಿನ ಸಮವಸ್ತ್ರ. ಈಗಲೂ ಅಲ್ಲಿನ ಮಕ್ಕಳು ಅದನ್ನೇ ಧರಿಸುತ್ತಾರೆ.

ಅಲ್ಲಿಂದ ಮತ್ತೆ ವಿದ್ಯಾರ್ಥಿವೇತನದ ಮೇಲೆಯೇ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಭೌತವಿಜ್ಞಾನದಲ್ಲಿ ಉತ್ತಮ ಅಂಕಗಳಿಂದ ಪಾಸಾಗಿ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಸಂಶೋಧನೆಗೆ ಹೋದರು. ಆ ಕಾಲಕ್ಕೆ ಕ್ಯಾವೆಂಡಿಷ್ ಎಂದರೆ ಪರಮಾಣು ವಿಜ್ಞಾನದ ಗುರುಕುಲ. ಪರಮಾಣುವಿನ ನಡುವೆ ಬೀಜಕೇಂದ್ರ ಇದೆ ಎಂದು ತೋರಿಸಿದ ಅರ್ನೆಸ್ಟ್ ರುದರ್‌ಫರ್ಡ್ ಅಲ್ಲಿನ ಮುಖ್ಯಸ್ಥರು. 1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದೂ ಅಲ್ಲಿಯೇ.

ಅಲ್ಲೇ ಇದ್ದಿದ್ದರೆ ಗ್ರೇ ಅವರಿಗೂ ಪರಮಾಣು ವಿಜ್ಞಾನದಲ್ಲಿ ದೊಡ್ಡ ಹೆಸರು ಬರುತ್ತಿತ್ತು. ಆದರೆ 1933ರಲ್ಲಿ ಅವರು ಆ ಗುರುಕುಲವನ್ನು ಬಿಟ್ಟು, ಲಂಡನ್ನಿನ ಹೊರವಲಯದ ನಾರ್ತ್‌ವುಡ್‌ನಲ್ಲಿದ್ದ ಮೌಂಟ್ ವರ್ನನ್ ಎಂಬ ಆಸ್ಪತ್ರೆಗೆ ಭೌತವಿಜ್ಞಾನಿಯಾಗಿ ಸೇರಿದರು. ರೇಡಿಯಂ ಮತ್ತು ಎಕ್ಸ್-ರೇ ಬಳಸಿ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಆಸ್ಪತ್ರೆ ಅದು. ಆಸ್ಪತ್ರೆಯಲ್ಲಿ ಭೌತವಿಜ್ಞಾನಿಗೆ ಏನು ಕೆಲಸ ಎಂದು ಜನ ಕೇಳುತ್ತಿದ್ದ ಕಾಲ. ಗ್ರೇ ಅವರ ಮುಂದಿನ ಮೂವತ್ತು ವರ್ಷಗಳ ದುಡಿಮೆಯೇ ಆ ಪ್ರಶ್ನೆಗೆ ಉತ್ತರ.

ಒಂದು ಅಗುಳಿನ ಲೆಕ್ಕ

ಎಕ್ಸ್-ರೇ ಬೆಳಕಿಗೆ ಬಂದದ್ದು 1895ರಲ್ಲಿ, ಜರ್ಮನಿಯ ರಾಂಟ್‌ಜನ್ ಅವರಿಂದ. ಸ್ವಲ್ಪ ದಿನಗಳಲ್ಲೇ ವೈದ್ಯರು ಅದನ್ನು ಕ್ಯಾನ್ಸರ್ ಗೆಡ್ಡೆಗಳ ಮೇಲೆ ಪ್ರಯೋಗಿಸತೊಡಗಿದರು. ಕೆಲವು ಗೆಡ್ಡೆಗಳು ಕರಗಿದವು. ಆದರೆ ಎಷ್ಟು ಕೊಡಬೇಕು? ಕಡಿಮೆಯಾದರೆ ಗೆಡ್ಡೆ ಹೋಗುವುದಿಲ್ಲ, ಹೆಚ್ಚಾದರೆ ಒಳ್ಳೆಯ ಮಾಂಸಖಂಡವೇ ಸುಟ್ಟುಹೋಗುತ್ತದೆ. ಮೊದಮೊದಲು ವೈದ್ಯರು ಚರ್ಮ ಕೆಂಪಾಗುವುದನ್ನೇ ಅಳತೆ ಮಾಡಿಕೊಂಡಿದ್ದರು. ಬಾಣಲೆಯ ಎಣ್ಣೆ ಕಾದಿದೆಯೇ ಎಂದು ಬೆರಳು ಅದ್ದಿ ನೋಡಿದ ಹಾಗಾಯಿತು ಇದು! 1928ರಲ್ಲಿ ‘ರಾಂಟ್‌ಜನ್’ ಎಂಬ ಅಳತೆ ಜಾರಿಗೆ ಬಂತು. ಆದರೆ ಅದು ಕಿರಣಗಳು ಗಾಳಿಯಲ್ಲಿ ಏನು ಮಾಡುತ್ತವೆ ಎಂಬುದನ್ನು ಅಳೆಯುತ್ತಿತ್ತೇ ಹೊರತು, ರೋಗಿಯ ದೇಹ ಎಷ್ಟನ್ನು ಹೀರಿಕೊಂಡಿತು ಎಂಬುದನ್ನಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೌಂಟರಿನ ಮುಂದೆ ಎಷ್ಟು ಜನ ನಿಂತಿದ್ದರು ಎಂಬುದರಿಂದ ಆ ದಿನದ ಜಮೆ ಎಷ್ಟೆಂದು ತಿಳಿಯುವುದಿಲ್ಲ. ಖಾತೆಗೆ ಎಷ್ಟು ಬಿತ್ತು ಎಂಬುದೇ ಲೆಕ್ಕ. ಗ್ರೇ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಯಂತ್ರದಿಂದ ಎಷ್ಟು ಕಿರಣ ಹೊರಟಿತು ಎಂಬುದು ಮುಖ್ಯವಲ್ಲ, ದೇಹದ ಅಂಗಾಂಶದಲ್ಲಿ ಎಷ್ಟು ಶಕ್ತಿ ಜಮೆಯಾಯಿತು ಎಂಬುದು ಮುಖ್ಯ.

ಆದರೆ ಅದನ್ನು ಅಳೆಯುವುದು ಬಲು ಕಷ್ಟ. ಏಕೆಂದರೆ ಆ ಶಕ್ತಿ ಅತಿ ಸಣ್ಣದು. ಒಂದು ಕಿಲೋ ತೂಕದಲ್ಲಿ ಒಂದು ಜೂಲ್ ಶಕ್ತಿ ಜಮೆಯಾದರೆ ಅದು ಒಂದು ಗ್ರೇ. ಅಕಸ್ಮಾತ್ ಇಡೀ ದೇಹಕ್ಕೆ ಒಮ್ಮೆಗೇ 5 ಗ್ರೇ ವಿಕಿರಣ ತಗುಲಿದರೆ, ಚಿಕಿತ್ಸೆ ಇಲ್ಲದೆ ಹೋದಲ್ಲಿ, ಮನುಷ್ಯ ಬದುಕುವುದು ಕಷ್ಟ. ಆದರೂ 70 ಕಿಲೋ ತೂಕದ ಮನುಷ್ಯನ ದೇಹಕ್ಕೆ ಅದರಿಂದ ಸೇರುವ ಶಕ್ತಿ ಕೇವಲ 350 ಜೂಲ್. ಒಂದು ಚಮಚ ಬಿಸಿ ಕಾಫಿ ಕುಡಿದರೆ ಮೈಗೆ ಸೇರುವ ಶಾಖ ಇದಕ್ಕಿಂತ ಹೆಚ್ಚು! ಅಂದರೆ ವಿಕಿರಣ ಕೆಲಸ ಮಾಡುವುದು ಶಾಖದಿಂದ ಅಲ್ಲ. ಅದು ಜೀವಕೋಶದ ಒಳಗಿರುವ ಡಿಎನ್‌ಎ ಎಂಬ ನೂಲಿಗೆ ಗುರಿಯಿಟ್ಟ ಹಾಗೆ ಪೆಟ್ಟು ಕೊಟ್ಟು ಕತ್ತರಿಸುತ್ತದೆ. ಮೈ ಬಿಸಿಯಾಗುವುದನ್ನು ನೋಡಿ ಅಳೆಯೋಣವೆಂದರೆ ಥರ್ಮಾಮೀಟರಿಗೆ ಅದು ಗೊತ್ತೇ ಆಗುವುದಿಲ್ಲ.

ಇದಕ್ಕೆ ಗ್ರೇ ಒಂದು ಜಾಣ ಉಪಾಯ ಕಂಡುಕೊಂಡರು. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯ ಅನ್ನವನ್ನೆಲ್ಲ ಹಿಚುಕುತ್ತಾರೆಯೇ? ಒಂದು ಅಗುಳು ಹಿಚುಕಿದರೆ ಸಾಕು. ಅದೇ ಹಾಗೆ, ಒಂದು ಘನವಸ್ತುವಿನ ಒಳಗೆ ಗಾಳಿಯ ಪುಟ್ಟ ಪೊಳ್ಳು ಮಾಡಿ, ವಿಕಿರಣದಿಂದ ಆ ಗಾಳಿಯಲ್ಲಿ ಹುಟ್ಟುವ ವಿದ್ಯುತ್ ಕಣಗಳನ್ನು ಎಣಿಸಿದರೆ, ಸುತ್ತಲಿನ ವಸ್ತುವಿನಲ್ಲಿ ಎಷ್ಟು ಶಕ್ತಿ ಜಮೆಯಾಯಿತು ಎಂದು ಲೆಕ್ಕ ಹಾಕಬಹುದು. ಇಂಥ ಆಲೋಚನೆಯನ್ನು ವಿಲಿಯಂ ಹೆನ್ರಿ ಬ್ರ್ಯಾಗ್ ಮೊದಲೇ ಸೂಚಿಸಿದ್ದರು. ಅದನ್ನು ಗಣಿತದ ಭದ್ರ ಬುನಾದಿಯ ಮೇಲೆ ನಿಲ್ಲಿಸಿದವರು ಗ್ರೇ. ‘ಬ್ರ್ಯಾಗ್-ಗ್ರೇ ಸೂತ್ರ’ ಎಂದೇ ಅದಕ್ಕೆ ಹೆಸರು. ಇಂದಿಗೂ ಆಸ್ಪತ್ರೆಗಳಲ್ಲಿ ವಿಕಿರಣ ಯಂತ್ರಗಳನ್ನು ಪರೀಕ್ಷಿಸುವ ಭೌತವಿಜ್ಞಾನಿಗಳು ಪುಟ್ಟ ಗಾಳಿಗೂಡಿನ ಉಪಕರಣವನ್ನೇ ಹಿಡಿದು ನಿಲ್ಲುತ್ತಾರೆ.

ಕಾಳಿನ ಬೇರು ಹೇಳಿದ ಕತೆ

ನ್ಯೂಟ್ರಾನ್ ಪತ್ತೆಯಾದ ಮೇಲೆ ಅದರಿಂದಲೂ ಕ್ಯಾನ್ಸರ್ ಗುಣಪಡಿಸಬಹುದೇ ಎಂಬ ಆಸೆ ಎಲ್ಲರಲ್ಲೂ ಚಿಗುರಿತು. ನ್ಯೂಟ್ರಾನಿನ ಪೆಟ್ಟು ಎಕ್ಸ್-ರೇ ಪೆಟ್ಟಿಗಿಂತ ಬಲವಾದದ್ದು. ಅಮೆರಿಕದ ಬರ್ಕ್ಲಿಯಲ್ಲಿ ಡಾ. ರಾಬರ್ಟ್ ಸ್ಟೋನ್ 1938ರಿಂದ ರೋಗಿಗಳಿಗೆ ನ್ಯೂಟ್ರಾನ್ ಚಿಕಿತ್ಸೆ ಕೊಡಲು ಶುರು ಮಾಡಿದರು.

ಗ್ರೇ ಅವಸರಪಡಲಿಲ್ಲ. ಮನುಷ್ಯರ ಮೇಲೆ ಪ್ರಯೋಗಿಸುವ ಮೊದಲು ಅದು ಜೀವಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿಯಬೇಕು ಎಂಬುದು ಅವರ ನಿಲುವು. ಜಾನ್ ರೀಡ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಆಸ್ಪತ್ರೆಯಲ್ಲೇ ನ್ಯೂಟ್ರಾನ್ ಹೊಮ್ಮಿಸುವ ಯಂತ್ರವನ್ನು ಕಟ್ಟಿದರು. ಅದರ ಮುಂದೆ ಅವರು ಇಟ್ಟದ್ದೇನು ಗೊತ್ತೇ ಮಕ್ಕಳೇ? ಮೊಳಕೆ ಬಂದ ಕಾಳುಗಳನ್ನು!

ಬ್ರಾಡ್ ಬೀನ್ಸ್ ಎಂಬುದು ಯುರೋಪಿನ ಅಡುಗೆಮನೆಗಳಲ್ಲಿ ಬಳಕೆಯಲ್ಲಿರುವ ಕಾಳು. ನಮ್ಮ ಅವರೆಕಾಳಿಗಿಂತ ದಪ್ಪ, ಚಪ್ಪಟೆ. ಅದರ ಬೇರು ನೇರವಾಗಿ, ಬೇಗ ಬೇಗ ಬೆಳೆಯುತ್ತದೆ. ಬೇರಿನ ತುದಿಯ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿರುತ್ತವೆ. ಕ್ಯಾನ್ಸರ್ ಗೆಡ್ಡೆಯಲ್ಲಿಯೂ ಜೀವಕೋಶಗಳು ಬಿಡುವಿಲ್ಲದೆ ಒಡೆಯುತ್ತಲೇ ಇರುತ್ತವಲ್ಲವೇ? ಅಷ್ಟೇ ಅಲ್ಲ, ಬೇರಿನ ಉದ್ದವನ್ನು ಬರೀ ಅಡಿಪಟ್ಟಿ ಹಿಡಿದು ಅಳೆಯಬಹುದು. ವಿಕಿರಣ ಬಿದ್ದ ಬೇರು ದಿನಕ್ಕೆ ಎಷ್ಟು ಬೆಳೆಯಿತು, ಬೀಳದ ಬೇರು ಎಷ್ಟು ಬೆಳೆಯಿತು ಎಂದು ಹೋಲಿಸಿದರೆ ಪೆಟ್ಟಿನ ಬಲ ತಿಳಿಯುತ್ತದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೂ ಈ ಕಾಳಿನ ಲೆಕ್ಕ ನಿಲ್ಲಲಿಲ್ಲ. 1942ರಿಂದ ಒಂದೊಂದಾಗಿ ಪ್ರಬಂಧಗಳು ಪ್ರಕಟವಾದವು.

ಅತ್ತ ಅಮೆರಿಕದಲ್ಲಿ ಏನಾಯಿತು? 1943ರವರೆಗೆ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ನ್ಯೂಟ್ರಾನ್ ಚಿಕಿತ್ಸೆ ನಡೆಯಿತು. ಕೆಲವರ ಗೆಡ್ಡೆ ಕರಗಿದರೂ, ವರ್ಷಗಳು ಕಳೆದಂತೆ ಅನೇಕರ ಆರೋಗ್ಯವಂತ ಅಂಗಾಂಶಗಳು ತೀವ್ರವಾಗಿ ಹಾಳಾದವು. ಫಲಿತಾಂಶ ಅಷ್ಟು ಕೆಟ್ಟದಾಗಿರುವಾಗ ಇದನ್ನು ಮುಂದುವರಿಸುವುದು ಸರಿಯಲ್ಲ ಎಂಬ ತೀರ್ಮಾನಕ್ಕೆ 1940ರ ದಶಕದ ಕೊನೆಯಲ್ಲಿ ಸ್ವತಃ ಡಾ. ಸ್ಟೋನ್ ಅವರೇ ಬಂದರು. ನ್ಯೂಟ್ರಾನಿನ ಪೆಟ್ಟು ಎಕ್ಸ್-ರೇಗಿಂತ ಎಷ್ಟು ಪಟ್ಟು ಹೆಚ್ಚು ಎಂಬ ಲೆಕ್ಕ ಆಗಿನ್ನೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ಕಾಳಿನ ಬೇರನ್ನು ಅಳೆಯುತ್ತ ಕೂತದ್ದು ಮಕ್ಕಳಾಟವಾಗಿರಲಿಲ್ಲ ಎಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಗೆಡ್ಡೆಯ ಒಳಗಿನ ಉಸಿರುಗಟ್ಟಿದ ಕೋಶಗಳು

ಯುದ್ಧ ಮುಗಿದ ಮೇಲೆ, 1946ರಲ್ಲಿ, ಗ್ರೇ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧನಾ ಘಟಕಕ್ಕೆ ಹೋದರು. ಅಲ್ಲಿ ಅವರ ಮನಸ್ಸು ಹಿಡಿದದ್ದು ಒಂದು ಹಳೆಯ ಒಗಟು.

1909ರಲ್ಲೇ ವಿಯೆನ್ನಾದ ವೈದ್ಯ ಶ್ವಾರ್ಟ್ಸ್ ಒಂದು ಸಂಗತಿ ಗಮನಿಸಿದ್ದರು. ರೇಡಿಯಂ ಇರುವ ಉಪಕರಣವನ್ನು ಚರ್ಮದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದರೆ, ಚರ್ಮಕ್ಕೆ ಆಗುವ ಪೆಟ್ಟು ಕಡಿಮೆ! ಒತ್ತಿದಾಗ ರಕ್ತ ಅತ್ತಿತ್ತ ಸರಿಯುತ್ತದೆ. ರಕ್ತವಿಲ್ಲದೆ ಹೋದರೆ ವಿಕಿರಣದ ಪ್ರಭಾವ ಏಕೆ ತಗ್ಗಬೇಕು? ಮೌಂಟ್ ವರ್ನನ್‌ನಲ್ಲಿ ಗ್ರೇ ಅವರ ಹಿರಿಯ ಸಹೋದ್ಯೋಗಿ ಮಾಟ್ರಮ್ ಅವರೂ ಆಮ್ಲಜನಕಕ್ಕೂ ವಿಕಿರಣಕ್ಕೂ ಏನೋ ನಂಟಿದೆ ಎಂದು 1930ರ ದಶಕದಲ್ಲಿ ಕಂಡಿದ್ದರು. ಮುಂದೆ ಜಾನ್ ರೀಡ್ ಕಾಳಿನ ಬೇರನ್ನೇ ಆಮ್ಲಜನಕ ಇಲ್ಲದ ನೀರಿನಲ್ಲಿಟ್ಟು ಎಕ್ಸ್-ರೇ ಹಾಯಿಸಿ ನೋಡಿದರು. ಬೇರಿನ ಮೇಲೆ ಅಷ್ಟೇ ಪ್ರಭಾವ ಬೀರಲು ಸುಮಾರು ಮೂರು ಪಟ್ಟು ವಿಕಿರಣ ಬೇಕಾಯಿತು.

1953ರಲ್ಲಿ ಗ್ರೇ, ತಮ್ಮ ಜೊತೆಗಾರರಾದ ಕಾಂಗರ್, ಎಬರ್ಟ್, ಶರ್ಲಿ ಹಾರ್ನ್ಸಿ ಮತ್ತು ಆಲಿವರ್ ಸ್ಕಾಟ್ ಅವರೊಂದಿಗೆ ಒಂದು ಪ್ರಬಂಧ ಪ್ರಕಟಿಸಿದರು. ಕಿರಣ ಬೀಳುವ ಆ ಕ್ಷಣದಲ್ಲಿ ಜೀವಕೋಶದಲ್ಲಿ ಎಷ್ಟು ಆಮ್ಲಜನಕ ಇದೆ ಎಂಬುದರ ಮೇಲೆ ಚಿಕಿತ್ಸೆಯ ಫಲ ನಿಂತಿದೆ ಎಂಬುದು ಅದರ ತಿರುಳು. ವಿಕಿರಣ ಚಿಕಿತ್ಸೆಯ ಚರಿತ್ರೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಅದೂ ಒಂದು.

ಹೀಗೇಕೆ ಆಗುತ್ತದೆ? ವಿಕಿರಣ ಡಿಎನ್‌ಎ ನೂಲನ್ನು ಮುರಿದ ಕೂಡಲೇ ಆ ಮುರಿದ ತುದಿ ಮತ್ತೆ ಮೊದಲಿನಂತೆ ಕೂಡಿಕೊಳ್ಳಲು ನೋಡುತ್ತದೆ. ಪಕ್ಕದಲ್ಲಿ ಆಮ್ಲಜನಕ ಇದ್ದರೆ ಅದು ತಟ್ಟನೆ ಹೋಗಿ ಆ ತುದಿಗೆ ಅಂಟಿಕೊಂಡು, ಮುರಿದದ್ದನ್ನು ಮುರಿದಂತೆಯೇ ಉಳಿಸಿಬಿಡುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗಾಯ ವಾಸಿಯಾಗಿ ಕೋಶ ಬದುಕಿಕೊಳ್ಳುತ್ತದೆ.

ಮುಂದಿನ ಪ್ರಶ್ನೆ: ಕ್ಯಾನ್ಸರ್ ಗೆಡ್ಡೆಯಲ್ಲಿ ಆಮ್ಲಜನಕ ಕಡಿಮೆ ಇರುವ ಕೋಶಗಳು ನಿಜಕ್ಕೂ ಇವೆಯೇ? 1955ರಲ್ಲಿ ರಾಬರ್ಟ್ ಥಾಮ್ಲಿನ್‌ಸನ್ ಎಂಬ ವೈದ್ಯರೂ ಗ್ರೇ ಅವರೂ ಶ್ವಾಸಕೋಶದ ಕ್ಯಾನ್ಸರಿನ ತೆಳುವಾದ ಸೀಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದರು. ಗೆಡ್ಡೆಯ ಕೋಶಗಳು ಕಂಬದ ಹಾಗೆ ಗುಂಪುಗಟ್ಟಿದ್ದವು. ರಕ್ತನಾಳಗಳೆಲ್ಲ ಕಂಬದ ಹೊರಗೆ. ಕಂಬ ಸಣ್ಣದಿದ್ದರೆ ಒಳಗಿನ ಕೋಶಗಳೆಲ್ಲ ಜೀವಂತ. ಕಂಬದ ನಡುವಿನಿಂದ ಅಂಚಿನವರೆಗೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಾಯಿತೋ, ನಡುವಿನ ಕೋಶಗಳು ತಪ್ಪದೆ ಸತ್ತಿರುತ್ತಿದ್ದವು. ಐದನೇ ಒಂದು ಮಿಲಿಮೀಟರ್ ಎಂದರೆ ನಿಮ್ಮ ನೋಟ್‌ಬುಕ್ಕಿನ ಎರಡು ಹಾಳೆ ಸೇರಿದಷ್ಟು ದಪ್ಪ. ರಕ್ತದಿಂದ ಹೊರಟ ಆಮ್ಲಜನಕ ದಾರಿಯಲ್ಲಿನ ಕೋಶಗಳಿಗೆ ಖರ್ಚಾಗುತ್ತ ಹೋಗಿ ಅಷ್ಟು ದೂರಕ್ಕೆ ಮುಗಿದುಹೋಗುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

ನಮ್ಮ ಕಾಲುವೆಗಳಲ್ಲಿ ಆಗುವುದೂ ಇದೇ ಅಲ್ಲವೇ? ಮೇಲಿನ ಗದ್ದೆಗಳು ನೀರು ಹೀರಿಕೊಂಡರೆ ಕೊನೆಯ ಗದ್ದೆಗೆ ಬರುವುದು ಒಣ ಕಾಲುವೆ. ಕೊನೆಯ ಗದ್ದೆಯ ಬೆಳೆ ಒಣಗಿತು. ಅದರ ಹಿಂದಿನ ಗದ್ದೆ? ಪೂರ್ತಿ ಒಣಗಲೂ ಇಲ್ಲ, ನೆಟ್ಟಗೆ ಬೆಳೆಯಲೂ ಇಲ್ಲ. ಗೆಡ್ಡೆಯಲ್ಲಿಯೂ ಸತ್ತ ನಡುಭಾಗಕ್ಕೂ ಜೀವಂತ ಅಂಚಿಗೂ ಮಧ್ಯೆ ಇಂಥ ಅರೆ ಉಸಿರಿನ ಕೋಶಗಳ ಪದರವೊಂದಿರುತ್ತದೆ. ವಿಕಿರಣಕ್ಕೆ ಸುಲಭವಾಗಿ ಬಗ್ಗದ ಹಟಮಾರಿಗಳು ಇವೇ. ಹೊರಗಿನವು ಸತ್ತರೂ ಇವು ಉಳಿದುಕೊಂಡು ಮುಂದೊಂದು ದಿನ ಮತ್ತೆ ಗೆಡ್ಡೆ ಬೆಳೆಸಬಲ್ಲವು.

ಒಂದೇ ದಿನದಲ್ಲಿ ಏಕೆ ಮುಗಿಸುವುದಿಲ್ಲ?

ಬೆಳಗಿನ ವಾಕಿಂಗಿನಲ್ಲಿ ಗೆಳೆಯರೊಬ್ಬರು ಕೇಳಿದರು: ‘ಅಲ್ಲ ಸ್ವಾಮಿ, ನಮ್ಮಾಕೆಗೆ 25 ದಿನ ಆಸ್ಪತ್ರೆಗೆ ಅಲೆಸುತ್ತಿದ್ದಾರೆ. ಒಳಗೆ ಹೋದರೆ ಕಾಲು ಗಂಟೆ ಕೆಲಸ. ಎಲ್ಲ ಸೇರಿಸಿ ಒಂದೇ ದಿನ ಕೊಟ್ಟು ಕಳಿಸಬಾರದೇ?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎರಡು ಭಾಗದಲ್ಲಿದೆ.

ಮೊದಲನೆಯದು, ಒಳ್ಳೆಯ ಕೋಶಗಳ ರಿಪೇರಿ. ಗೆಡ್ಡೆಯ ಸುತ್ತ ಇರುವ ಆರೋಗ್ಯವಂತ ಕೋಶಗಳಿಗೂ ಒಂದಿಷ್ಟು ಪೆಟ್ಟು ಬೀಳುತ್ತದೆ. ಪ್ರತಿದಿನ ಸ್ವಲ್ಪ ಸ್ವಲ್ಪ, ಸಾಮಾನ್ಯವಾಗಿ 2 ಗ್ರೇಯಂತೆ ಕೊಟ್ಟರೆ, ಮಾರನೆಯ ಸರದಿಯೊಳಗೆ ಅವು ಬಹುಮಟ್ಟಿಗೆ ಸರಿಹೋಗುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ರಿಪೇರಿ ಮಾಡಿಕೊಳ್ಳುವ ಶಿಸ್ತು ಇರುವುದಿಲ್ಲ. ಹೀಗೆ ಹಂಚಿ ಕೊಡುವ ಪದ್ಧತಿ ಒಳ್ಳೆಯದೆಂದು 1920ರ ದಶಕದಲ್ಲಿ ಪ್ಯಾರಿಸಿನ ರೆಗೋ ಮತ್ತು ಕೂತಾರ್ ಎಂಬ ವೈದ್ಯರು ಅನುಭವದಿಂದ ತೋರಿಸಿಕೊಟ್ಟಿದ್ದರು.

ಎರಡನೆಯದು ಗ್ರೇ ಅವರ ಆಮ್ಲಜನಕದ ಪಾಠ. ಮೊದಲ ದಿನಗಳ ವಿಕಿರಣಕ್ಕೆ ಹೊರ ಪದರದ, ಚೆನ್ನಾಗಿ ಉಸಿರಾಡುವ ಕೋಶಗಳು ಸಾಯುತ್ತವೆ. ಮೇಲಿನ ಗದ್ದೆಗಳವರು ನೀರು ಬಿಟ್ಟುಕೊಟ್ಟ ಹಾಗಾಯಿತು. ಈಗ ಆಮ್ಲಜನಕ ಒಳಗಿನ ಅರೆ ಉಸಿರಿನ ಕೋಶಗಳಿಗೂ ತಲುಪುತ್ತದೆ. ಪಾಪ, ಅವು ನೆಮ್ಮದಿಯಾಗಿ ಉಸಿರು ಬಿಡುವಷ್ಟರಲ್ಲಿ ಮರುದಿನದ ವಿಕಿರಣ ಬರುತ್ತದೆ! ಈಗ ಅವೂ ಸುಲಭದ ತುತ್ತು. ಹೀಗೆ ದಿನದಿನವೂ ಒಂದೊಂದು ಪದರ ಸುಲಿಯುತ್ತ ಹೋಗುವುದರಿಂದ ವಾರಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ಈ ಪುನಃ ಉಸಿರಾಟದ ವಿವರಗಳನ್ನು ಗ್ರೇ ಅವರ ನಂತರ ಬೇರೆ ವಿಜ್ಞಾನಿಗಳು ಬಿಡಿಸಿ ತೋರಿಸಿದರು.

ಈಗ ಯಂತ್ರಗಳು ಸುಧಾರಿಸಿ, ಕಿರಣಗಳನ್ನು ಗೆಡ್ಡೆಯ ಮೇಲಷ್ಟೇ ಬೀಳುವಂತೆ ಮಾಡುವ ನಿಖರತೆ ಬಂದಿದೆ. ಆದ್ದರಿಂದ ಕೆಲವು ಕ್ಯಾನ್ಸರುಗಳಿಗೆ 25ರ ಬದಲು 15 ಸಲ, ಇನ್ನೂ ಕೆಲವಕ್ಕೆ ನಾಲ್ಕೈದೇ ಸಲ ಚಿಕಿತ್ಸೆ ಸಾಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ತೀರ್ಮಾನಿಸುತ್ತಾರೆ.

ಹುಡುಕಾಟ ನಿಲ್ಲಲಿಲ್ಲ

1953ರಲ್ಲಿ ಸಂಶೋಧನೆ ಸಾಗಬೇಕಾದ ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಮೂಡಿ ಗ್ರೇ ಹ್ಯಾಮರ್‌ಸ್ಮಿತ್ ಬಿಟ್ಟರು. ಬ್ರಿಟನ್ನಿನ ಕ್ಯಾನ್ಸರ್ ನಿಧಿಯೊಂದು ಅವರ ಬೆನ್ನಿಗೆ ನಿಂತಿತು. ಅವರು ತಮ್ಮ ಹಳೆಯ ಮೌಂಟ್ ವರ್ನನ್‌ಗೇ ಹಿಂದಿರುಗಿ, ವಿಕಿರಣ ಮತ್ತು ಜೀವಕೋಶಗಳ ಅಧ್ಯಯನಕ್ಕೇ ಮೀಸಲಾದ ಪ್ರಯೋಗಾಲಯವೊಂದನ್ನು ಕಟ್ಟಿದರು. ಭೌತವಿಜ್ಞಾನಿ, ರಸಾಯನ ವಿಜ್ಞಾನಿ, ಜೀವವಿಜ್ಞಾನಿ, ವೈದ್ಯ ಎಲ್ಲರೂ ಒಂದೇ ಸೂರಿನ ಕೆಳಗೆ ಕೂತು ಕೆಲಸ ಮಾಡಬೇಕು ಎಂಬುದು ಅವರ ಹಂಬಲ. 1962ರಲ್ಲಿ ಅಲ್ಲಿಯೇ ಜ್ಯಾಕ್ ಬೋಗ್ ಮತ್ತು ಅಮೆರಿಕದಿಂದ ಬಂದಿದ್ದ ಎಡ್ವಿನ್ ಹಾರ್ಟ್, ವಿಕಿರಣ ಬಿದ್ದ ನೀರಿನಲ್ಲಿ ಕ್ಷಣಮಾತ್ರ ಹುಟ್ಟಿ ಮರೆಯಾಗುವ ಎಲೆಕ್ಟ್ರಾನಿನ ಗುರುತನ್ನು ಹಿಡಿದರು. ನಮ್ಮ ದೇಹದಲ್ಲಿ ಹೆಚ್ಚಿನ ಭಾಗ ನೀರೇ ಆದ್ದರಿಂದ ಇದು ಬಹಳ ದೊಡ್ಡ ಸುಳಿವು.

ಉಸಿರುಗಟ್ಟಿದ ಕೋಶಗಳಿಗೆ ಆಮ್ಲಜನಕ ಮುಟ್ಟಿಸಲು ವೈದ್ಯರು ನಾನಾ ಪಾಡು ಪಟ್ಟರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಚರ್ಚಿಲ್-ಡೇವಿಡ್‌ಸನ್ ಎಂಬ ವೈದ್ಯರು ರೋಗಿಯನ್ನು ಭದ್ರವಾದ ತೊಟ್ಟಿಯಲ್ಲಿ ಮಲಗಿಸಿ, ಒತ್ತಡದಲ್ಲಿ ಶುದ್ಧ ಆಮ್ಲಜನಕ ತುಂಬಿ, ಆಗ ವಿಕಿರಣ ಕೊಟ್ಟರು. ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಉಪಯೋಗ ಕಂಡಿತಾದರೂ ವಿಧಾನ ತೊಡಕಿನದಾದ್ದರಿಂದ ಬಳಕೆಯಲ್ಲಿ ನಿಲ್ಲಲಿಲ್ಲ. ಮುಂದೆ ಆಮ್ಲಜನಕದ ಹಾಗೆ ವರ್ತಿಸುವ ಔಷಧಿಗಳ ಹುಡುಕಾಟ ನಡೆಯಿತು. ಕೆಲವು ಔಷಧಿಗಳು ನರಗಳಿಗೆ ತೊಂದರೆ ಮಾಡಿ ಹಿಂದೆ ಸರಿದವು. ನಿಮೊರಾಜೋಲ್ ಎಂಬ ಔಷಧಿಯನ್ನು ಡೆನ್ಮಾರ್ಕಿನಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ವಿಕಿರಣದ ಜೊತೆ ಕೊಡುವ ಪದ್ಧತಿ ಬಂತು. ಒಗಟು ಪೂರ್ತಿ ಬಿಡಿಸಲಾಗಿಲ್ಲ. ಇದನ್ನು ಓದುತ್ತಿರುವ ಮಕ್ಕಳಲ್ಲಿ ಯಾರಿಗಾದರೂ ಮುಂದೆ ಅದರ ಗಂಟು ಸಿಕ್ಕೀತು.

ಮನೆಯವರು ತಿಳಿದಿರಬೇಕಾದ ನಾಲ್ಕು ಮಾತು

ಮೊದಲನೆಯದು, ‘ಕರೆಂಟ್’ ಬಗ್ಗೆ. ವಿದ್ಯುತ್ತಿನಿಂದ ಓಡುವುದು ಯಂತ್ರ ಮಾತ್ರ. ಅದು ಎಲೆಕ್ಟ್ರಾನುಗಳನ್ನು ವೇಗವಾಗಿ ಓಡಿಸಿ ಲೋಹದ ತಗಡಿಗೆ ಹೊಡೆಸಿ ಎಕ್ಸ್-ರೇ ಹುಟ್ಟಿಸುತ್ತದೆ. ರೋಗಿಯ ಮೈಯಲ್ಲಿ ಕರೆಂಟ್ ಹರಿಯುವುದಿಲ್ಲ. ಎದೆಯ ಎಕ್ಸ್-ರೇ ತೆಗೆಸುವಾಗ ಏನೂ ಗೊತ್ತಾಗದ ಹಾಗೆ, ಕಿರಣ ಹಾಯುವಾಗ ಇಲ್ಲಿಯೂ ನೋವು ಗೊತ್ತಾಗುವುದಿಲ್ಲ. ದಿನಗಳು ಕಳೆದಂತೆ ಆಯಾಸ, ಚರ್ಮ ಕೆಂಪಾಗುವುದು, ಬಾಯಿ ಹುಣ್ಣಾಗುವುದು ಮುಂತಾದ ತೊಂದರೆಗಳು ಚಿಕಿತ್ಸೆ ಪಡೆದ ಜಾಗಕ್ಕೆ ತಕ್ಕಂತೆ ಬರಬಹುದು. ಅವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಎರಡನೆಯದು, ಮೊಮ್ಮಕ್ಕಳ ಬಗ್ಗೆ. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ಮೈಯಲ್ಲಿ ಅದು ಉಳಿದುಕೊಳ್ಳುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಹಾಗೆಯೇ ಇದು. ಅಜ್ಜಿ ಮನೆಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಕೈತುತ್ತು ಹಾಕಬಹುದು. ಕ್ಯಾನ್ಸರ್ ಅಂಟುರೋಗವೂ ಅಲ್ಲ. ದೇಹದ ಒಳಗೇ ವಿಕಿರಣ ವಸ್ತುವನ್ನು ಇಡುವ ಅಥವಾ ಕುಡಿಸುವ ಚಿಕಿತ್ಸೆಗಳೂ ಇವೆ. ಅವಕ್ಕೆ ಬೇರೆ ಎಚ್ಚರಿಕೆಗಳಿದ್ದು, ಆಸ್ಪತ್ರೆಯವರೇ ತಿಳಿಸುತ್ತಾರೆ.

ಮೂರನೆಯದು, ನಡುವೆ ಬಿಡಬಾರದು. ಹಬ್ಬ ಬಂತು, ಮದುವೆ ಬಂತು, ಊರಿಗೆ ಬಸ್ಸು ಸಿಗಲಿಲ್ಲ ಎಂದು ದಿನ ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು ಬಿಡುವು ಕೊಟ್ಟಂತೆ. ನಮ್ಮಲ್ಲಿ ತಂಬಾಕು, ಗುಟ್ಕಾ, ಅಡಿಕೆ ಜಗಿಯುವ ಚಟದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚು. ಚಿಕಿತ್ಸೆ ಎಳೆದಾಡಿದರೆ ಗುಣವಾಗುವ ಸಾಧ್ಯತೆ ತಗ್ಗುತ್ತದೆ ಎಂಬುದು ಈ ಬಗೆಯ ಕ್ಯಾನ್ಸರುಗಳಲ್ಲಿ ಚೆನ್ನಾಗಿ ಸಾಬೀತಾಗಿದೆ.

ನಾಲ್ಕನೆಯದು, ಬೀಡಿ ಸಿಗರೇಟು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಗ್ರೇ ಅವರ ಪಾಠವನ್ನು ಈಗಷ್ಟೇ ಓದಿದಿರಿ, ಆಮ್ಲಜನಕ ಕಡಿಮೆಯಾದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಚಿಕಿತ್ಸೆ ಪಡೆಯುತ್ತಲೇ ಹೊರಗೆ ಬಂದು ಬೀಡಿ ಹಚ್ಚುವವರಿಗೆ ಮೊಮ್ಮಕ್ಕಳೇ ಈ ವಿಷಯ ಬಿಡಿಸಿ ಹೇಳಬೇಕು. ಮಕ್ಕಳ ಮಾತನ್ನು ತೆಗೆದುಹಾಕುವುದು ಅಜ್ಜಂದಿರಿಗೆ ಕಷ್ಟ.

ನೀವೂ ಬೇರು ಅಳೆದು ನೋಡಿ

ಗ್ರೇ ಮಾಡಿದ್ದರಲ್ಲಿ ವಿಕಿರಣದ ಭಾಗ ನಮಗೆ ಬೇಡ. ಆಮ್ಲಜನಕದ ಭಾಗವನ್ನು ಮನೆಯಲ್ಲೇ ನೋಡಬಹುದು. ಇಪ್ಪತ್ತು ಕಡಲೆಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ, ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ಉಳಿದ ಹತ್ತನ್ನು ಒಂದು ಲೋಟದ ತಳಕ್ಕೆ ಹಾಕಿ, ಕುದಿಸಿ ಆರಿಸಿದ ನೀರನ್ನು ಕಂಠಪೂರ್ತಿ ತುಂಬಿ ಮುಚ್ಚಿಡಿ. ಕುದಿಸಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಹೊರಟುಹೋಗುತ್ತದೆ. ನಾಲ್ಕು ದಿನ, ದಿನಕ್ಕೊಮ್ಮೆ, ಬಟ್ಟೆಯಲ್ಲಿರುವ ಕಾಳಿನ ಬೇರನ್ನು ಅಡಿಪಟ್ಟಿಯಿಂದ ಅಳೆದು ಬರೆದಿಡಿ. ಲೋಟದ ಕಾಳನ್ನು ಕೊನೆಯ ದಿನ ತೆಗೆದು ಅಳೆಯಿರಿ. ಅಂಕಿಗಳನ್ನು ಅಜ್ಜನೋ ಅಜ್ಜಿಯೋ ಒಂದು ಪಟ್ಟಿಯಲ್ಲಿ ಬರೆದುಕೊಳ್ಳಲಿ. ಎಲ್ಲ ಬೇರಿನ ಉದ್ದ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಉಸಿರಾಡಲು ಗಾಳಿ ಸಿಕ್ಕ ಕಾಳಿಗೂ ಸಿಗದ ಕಾಳಿಗೂ ಎಷ್ಟು ವ್ಯತ್ಯಾಸ ಎಂದು ನಿಮ್ಮ ಪಟ್ಟಿಯೇ ಹೇಳುತ್ತದೆ. ಲೋಟದ ಕಾಳನ್ನು ಮಾತ್ರ ತಿನ್ನಬೇಡಿ, ವಾಸನೆ ಬಂದಿರುತ್ತದೆ!

ಹೆಸರು ಉಳಿದ ಬಗೆ

1961ರಲ್ಲಿ ಗ್ರೇ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರನ್ನಾಗಿ ಆರಿಸಲಾಯಿತು. ಅಲ್ಲಿಂದ ನಾಲ್ಕೇ ವರ್ಷಕ್ಕೆ, 1965ರ ಜುಲೈ 9ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ. ಅವರು ಕಟ್ಟಿದ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ಮುಂದೆ ಅದರ ಕೆಲಸ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮುಂದುವರಿಯಿತು.

1975ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಭೆ, ದೇಹ ಹೀರಿಕೊಂಡ ವಿಕಿರಣದ ಅಳತೆಗೆ ‘ಗ್ರೇ’ ಎಂದು ಹೆಸರಿಟ್ಟಿತು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ‘ರ‍್ಯಾಡ್’ ಎಂಬ ಹಳೆಯ ಅಳತೆಯ ನೂರು ಸೇರಿದರೆ ಒಂದು ಗ್ರೇ, ನೂರು ಪೈಸೆ ಸೇರಿದರೆ ಒಂದು ರೂಪಾಯಿ ಆಗುವ ಹಾಗೆ.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಾದರೂ ಈ ಚಿಕಿತ್ಸೆಗೆ ಹೋಗಿಬರುತ್ತಿದ್ದರೆ ಅವರನ್ನು ದೂರ ಕೂರಿಸಬೇಡಿ. ಹತ್ತಿರ ಹೋಗಿ, ‘ಇವತ್ತಿಗೆ ಎಷ್ಟನೆಯ ಗ್ರೇ ಆಯಿತು ಅಜ್ಜಿ?’ ಎಂದು ಕೇಳಿ. ಗ್ರೇ ಎಂದರೆ ಯಾರು ಎಂದು ಅವರು ಕೇಳಿದರೆ, ಹೇಳಲು ಈಗ ನಿಮ್ಮ ಬಳಿ ಕತೆಯೊಂದಿದೆ.